ಮೆಟ್ಟಿಲು ಬಳಸಿ ಎಂದ ರೈಲು

ಲಿಫ್ಟಪ್ಪನವರು ತಮ್ಮ ಮೂವತ್ತೊಂದು ವರ್ಷದ ನೌಕರಿಯಲ್ಲಿ ಏನಿಲ್ಲವೆಂದರೂ ಸಾವಿರಾರು ಮೈಲಿ ಪ್ರಯಾಣ ಮಾಡಿದ್ದರು. ಆದರೆ ಎಲ್ಲವೂ ನಿಂತ ಜಾಗದಲ್ಲೇ. ಬೆಳಿಗ್ಗೆ ಮೇಲೆ, ಮಧ್ಯಾಹ್ನ ಕೆಳಗೆ, ಸಂಜೆ ಎರಡರ ನಡುವೆ ಸಿಕ್ಕಿಕೊಂಡವರನ್ನು ಬಿಡಿಸುವುದು. ಲಿಫ್ಟ್ ರಿಪೇರಿಯವರ ಹಣೆಬರಹವೇ ಅಷ್ಟು. ಓಡುತ್ತಿರುವ ಲಿಫ್ಟಿನ ಕಡೆ ಯಾರೂ ತಲೆಯೆತ್ತಿ ನೋಡುವುದಿಲ್ಲ. ನಿಂತರೆ ಮಾತ್ರ ನೋಡುತ್ತಾರೆ, ಅದೂ ಬೈಯುವುದಕ್ಕೆ.

ಅವರ ಬದುಕು ಪೂರ್ತಿ ಗುಂಡಿಮಯ. ಲಿಫ್ಟಿನ ಬುಡದಲ್ಲಿ ಒಂದಾಳುದ್ದದ ಗುಂಡಿ ಇರುತ್ತದೆ, ಅದರಲ್ಲಿ ಇಳಿದು ಕೆಲಸ. ಮೇಲೆ ಹತ್ತಿ ಬಂದರೆ ಒತ್ತುವುದಕ್ಕೆ ಗುಂಡಿ. ಈ ಗುಂಡಿಯಿಂದ ಆ ಗುಂಡಿಗೆ ಹೋಗುವಷ್ಟರಲ್ಲಿ ಅಂಗಿಯ ಗುಂಡಿ ಎಲ್ಲೋ ಉದುರಿಹೋಗಿರುತ್ತಿತ್ತು. ಅದನ್ನು ಹೊಲಿದುಕೊಡಲು ಮನೆಯಲ್ಲಿ ಹೆಂಡತಿ ಇದ್ದರು. ಬೀದಿಗೆಲ್ಲ ಅವರು ಟೈಲರಕ್ಕ. ಪ್ಯಾಂಟು, ಲಂಗ, ಕೋಟು, ಶಾಲೆಯ ಸಮವಸ್ತ್ರ, ಏನು ಕೊಟ್ಟರೂ ಅಳತೆ ಕೂದಲೆಳೆ ತಪ್ಪದು ಎಂದು ಹೆಸರು.

ನೌಕರಿಯ ಕೊನೆಯ ವಾರ ಲಿಫ್ಟಪ್ಪನವರನ್ನು ಒಂದು ಹಳೆಯ ಆಫೀಸು ಕಟ್ಟಡಕ್ಕೆ ಕಳಿಸಿದರು. ಕಟ್ಟಡ ಕೆಡವುವವರಿದ್ದರು, ಅದಕ್ಕೆ ಮುಂಚೆ ಲಿಫ್ಟ್ ಬಿಚ್ಚಬೇಕಿತ್ತು. ಲಿಫ್ಟಿನ ಕಂಟ್ರೋಲ್ ಪ್ಯಾನೆಲ್ಲಿನಲ್ಲಿ ಅರವತ್ತು ರಿಲೇಗಳು. ವಿದ್ಯುತ್ತು ಬಂದರೆ 'ಟಕ್' ಎಂದು ಕೂಡುವ, ಹೋದರೆ 'ಟಕ್' ಎಂದು ಬಿಡುವ, ಬೆಂಕಿಪೊಟ್ಟಣದಷ್ಟು ದೊಡ್ಡ ಸ್ವಿಚ್ಚುಗಳು. ಇನ್ನೂ ಗಟ್ಟಿಮುಟ್ಟಾಗಿದ್ದವು. ಮ್ಯಾನೇಜರರ ಕಪಾಟಿನಲ್ಲಿ ವಾರಸುದಾರರಿಲ್ಲದ ಒಂದು ಆಟದ ರೈಲಿನ ಡಬ್ಬಿ ಸಿಕ್ಕಿತು. ಇಂಜಿನ್ನು, ಮೂರು ಬೋಗಿ, ಹಳಿಗಳು. ಎರಡನ್ನೂ ಎಸೆಯಲು ಮನಸ್ಸು ಬರದೆ ಲಿಫ್ಟಪ್ಪ ಒಂದೇ ಗೋಣಿಚೀಲದಲ್ಲಿ ತುಂಬಿ ಮನೆಗೆ ತಂದರು. ಒಂದೇ ಚೀಲದಲ್ಲಿ ಬಂದ ಮೇಲೆ ಅವೆರಡಕ್ಕೂ ಸಂಬಂಧ ಬೆಳೆಯದೆ ಇರುತ್ತದೆಯೇ?

ರೈಲು ಬಿಡುವುದು ಎಂದರೆ ನಮ್ಮಲ್ಲಿ ಸುಳ್ಳು ಹೇಳುವುದು ಎಂದರ್ಥ. ಲಿಫ್ಟಪ್ಪ ಜನ್ಮದಲ್ಲಿ ಸುಳ್ಳು ಹೇಳಿದವರಲ್ಲ. ಆದರೆ ಆರು ತಿಂಗಳಲ್ಲಿ ರೈಲು ಬಿಟ್ಟೇ ಬಿಟ್ಟರು. ಮನೆಯ ಹಿಂದಿನ ಕೋಣೆಯಲ್ಲಿ ಪ್ಲೈವುಡ್ ಹಲಗೆ, ಹಲಗೆಯ ಮೇಲೆ ಮೊಟ್ಟೆಯಾಕಾರದ ಹಳಿ, ಹಳಿಯ ಗುಂಟ ನಾಲ್ಕು ಸ್ಟೇಷನ್ನು. ಇಂಜಿನ್ನಿನ ಹೊಟ್ಟೆಗೆ ಅಂಟಿಸಿದ ಆಯಸ್ಕಾಂತದ ಚೂರು ಸ್ಟೇಷನ್ನಿನ ಮೇಲೆ ಹಾದಾಗ ಹಳಿಯಡಿಯ ಪುಟ್ಟ ಸ್ವಿಚ್ಚು ಕೂಡಿ, 'ರೈಲು ಇಲ್ಲಿದೆ' ಎಂದು ರಿಲೇಗಳಿಗೆ ಸುದ್ದಿ ಮುಟ್ಟಿಸುತ್ತಿತ್ತು. ರಿಲೇಗಳ ಸಂಸಾರ ಚಪ್ಪಲಿ ಗೂಡಿನಲ್ಲಿ. ಪ್ರತಿ ಸ್ಟೇಷನ್ನಿಗೂ ಲಿಫ್ಟಿನದೇ ಗುಂಡಿ. ಒತ್ತಿದರೆ ಅದರ ಸುತ್ತ ಕೆಂಪು ಬಳೆ ಹೊತ್ತಿಕೊಂಡು, ರೈಲು ಎಲ್ಲಿದ್ದರೂ ಅಲ್ಲಿಗೆ ಬರುತ್ತಿತ್ತು. ಸ್ಟೇಷನ್ನಿಗೆ ಒಂದು ಗೇಣು ಇರುವಾಗಲೇ ವೇಗ ತಗ್ಗಿಸಿ, ನೀರಿನ ಲೋಟ ಇಟ್ಟರೂ ತುಳುಕದಂತೆ ನಿಲ್ಲುತ್ತಿತ್ತು. ನಿಂತ ಮೇಲೆ, ಹಳೆಯ ಲಿಫ್ಟಿನಿಂದ ಬಿಚ್ಚಿ ತಂದ ಪೆಟ್ಟಿಗೆಯ ಹೆಣ್ಣು ದನಿ, "ದಯವಿಟ್ಟು ಬಾಗಿಲು ಮುಚ್ಚಿ" ಎನ್ನುತ್ತಿತ್ತು. ಬೋಗಿಗಳಿಗೆ ಬಾಗಿಲೇ ಇರಲಿಲ್ಲ, ಆ ಮಾತು ಬೇರೆ.

ಇದನ್ನು ನೋಡಲು ಮೊದಲು ಬಂದವರು ಟೈಲರಕ್ಕನ ಅಣ್ಣ. ಅವರು ನಿಜವಾದ ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು. ಲಿಫ್ಟಪ್ಪ ಅವರನ್ನು ಭಾವ ಎನ್ನುತ್ತಿದ್ದರು, ಅವರೂ ಲಿಫ್ಟಪ್ಪನನ್ನು ಭಾವ ಎನ್ನುತ್ತಿದ್ದರು. ಇಬ್ಬರೂ ಪರಸ್ಪರ ಭಾವಂದಿರಾದರೂ ರೈಲಿನ ವಿಷಯಕ್ಕೆ ಬಂದರೆ ಸದ್ಭಾವ ಮಾತ್ರ ಇರಲಿಲ್ಲ.

ಗಾರ್ಡ್ ಹಲಗೆಗೆ ಎರಡು ಸುತ್ತು ಬಂದರು. ಆಮೇಲೆ ಕೇಳಿದರು. "ಭಾವ, ನಿಮ್ಮ ರೈಲು ಯಾಕೆ ಹಿಂದಕ್ಕೆ ಬರ್ತಿದೆ?"

"ಹಿಂದಕ್ಕಲ್ಲ, ಕೆಳಕ್ಕೆ ಬರ್ತಿದೆ."

"ಕೆಳಕ್ಕಾ? ಹಲಗೆ ಮಟ್ಟಸವಾಗಿದೆಯಲ್ರೀ!"

"ಮೂರಕ್ಕೆ ಹೋಗಿತ್ತು. ಈಗ ಎರಡು, ಒಂದು ಅಂತ ಇಳಿದು ಸೊನ್ನೆಗೆ ಬರುತ್ತೆ."

"ಅಲ್ಲಾ ಸ್ವಾಮಿ, ಹಳಿ ದುಂಡಗಿದೆ. ಮೂರರ ಪಕ್ಕದಲ್ಲೇ ಸೊನ್ನೆ ಇದೆ, ಇಲ್ಲೇ, ಎರಡು ಗೇಣು! ಹಾಗೇ ಮುಂದಕ್ಕೆ ಹೋದ್ರೆ ಆಯ್ತಲ್ಲ?"

ಲಿಫ್ಟಪ್ಪ ಅವರನ್ನು ಕನಿಕರದಿಂದ ನೋಡಿದರು. "ಮೂರು ಕೊನೇ ಮಹಡಿ ಭಾವ. ಅದಕ್ಕಿಂತ ಮೇಲೆ ಹೋದ್ರೆ ಛಾವಣಿ ಒಡ್ಕೊಂಡು ಹೋಗುತ್ತೆ."

ಅವರ ರಿಲೇಗಳಿಗೆ ಗೊತ್ತಿದ್ದದ್ದು ಎರಡೇ ದಿಕ್ಕು, ಮೇಲೆ ಮತ್ತು ಕೆಳಗೆ. ಅವರಿಗೂ ಅಷ್ಟೇ. ಮೂರಕ್ಕೂ ಸೊನ್ನೆಗೂ ನಡುವಿನ ಎರಡು ಗೇಣು ಹಳಿಯ ಮೇಲೆ ಯಾವ ರೈಲೂ ಓಡಬಾರದೆಂದು ಈ ಕೊನೆಗೊಂದು ಆ ಕೊನೆಗೊಂದು ತಡೆ ಸ್ವಿಚ್ಚು ಹಾಕಿ, ಅಲ್ಲಿ ಪುಟ್ಟ ಫಲಕ ನೆಟ್ಟಿದ್ದರು: 'ಛಾವಣಿ'.

ಗಾರ್ಡ್ ಊಟದ ಕೋಣೆಯ ಕಡೆ ಕೂಗಿದರು. "ಏನೇ, ನಿನ್ನ ಗಂಡ ದುಂಡಗಿನ ಹಳಿಗೆ ಛಾವಣಿ ಹಾಕಿದಾರಲ್ಲೇ!"

"ಹಾಕ್ಲಿ ಬಿಡಣ್ಣ," ಎಂದರು ಟೈಲರಕ್ಕ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ. "ಸೋರದೆ ಇದ್ರೆ ಸಾಕು."

ಎರಡನೆಯ ಜಗಳ ವೇಳಾಪಟ್ಟಿಯದು. ಗುಂಡಿ ಒತ್ತಿದಾಗ ಬರುವುದು ರೈಲೇ ಅಲ್ಲ ಎಂದು ಗಾರ್ಡ್ ಪಟ್ಟು ಹಿಡಿದರು. "ರೈಲು ಕರೆದಾಗ ಬರಲ್ಲ ಭಾವ. ಅದು ಬರೋ ಹೊತ್ತಿಗೆ ನಾವು ಹೋಗಿ ಕಾಯಬೇಕು. ಅದು ಮರ್ಯಾದೆ." ಕರೆದರೂ ಬಾರದ ಯಂತ್ರ ಯಂತ್ರವೇ ಅಲ್ಲ ಎಂದು ಲಿಫ್ಟಪ್ಪ. ಕೊನೆಗೆ ಲಿಫ್ಟಪ್ಪನವರೇ ಒಂದು ದಾರಿ ಹುಡುಕಿದರು. ಪಕ್ಕದ ಮನೆಯವರು ಮೂಲೆಗೆ ಹಾಕಿದ್ದ ಬಟ್ಟೆ ಒಗೆಯುವ ಯಂತ್ರದಿಂದ, ಹೊತ್ತುಹೊತ್ತಿಗೆ ತಾನೇ ತಿರುಗುವ ಟೈಮರನ್ನು ಕಿತ್ತು ತಂದು ಗುಂಡಿಗಳಿಗೆ ಜೋಡಿಸಿದರು. ಈಗ ಪ್ರಯಾಣಿಕರ ಬದಲು ಟೈಮರೇ ಗುಂಡಿ ಒತ್ತುತ್ತಿತ್ತು. ಕರೆಯೂ ಇತ್ತು, ವೇಳೆಯೂ ಇತ್ತು. ಒಂದೇ ತೊಂದರೆ, ಆ ವೇಳಾಪಟ್ಟಿಗೆ ಒಗೆಯುವ ಯಂತ್ರದ ಚಾಳಿ ಬಿಟ್ಟಿರಲಿಲ್ಲ. ಮೊದಲ ಇಪ್ಪತ್ತು ನಿಮಿಷ ರೈಲು ನೆನೆಹಾಕಿದಂತೆ ನಿಧಾನವಾಗಿ ಓಡುತ್ತಿತ್ತು, ಆಮೇಲೆ ಅತ್ತಿತ್ತ ಜಾಲಾಡುತ್ತಿತ್ತು, ಕೊನೆಯ ಹತ್ತು ನಿಮಿಷ ಹಿಂಡುವ ರಭಸದಲ್ಲಿ ಓಡುತ್ತಿತ್ತು. ಗಾರ್ಡ್ ಇದನ್ನು ಒಪ್ಪಿಕೊಂಡರು. ಎಕ್ಸ್‌ಪ್ರೆಸ್ಸುಗಳೂ ಹಾಗೇ, ಕೊನೆಗೆ ಹೊತ್ತು ತುಂಬಿಸಿಕೊಳ್ಳುತ್ತವೆ ಎಂದರು.

ಅಷ್ಟರಲ್ಲಿ ಮನೆಗೆ ಇನ್ನೊಂದು ಯಂತ್ರ ಬಂತು. ಟೈಲರಕ್ಕ ಬಟ್ಟೆಯ ಅಂಚು ಹೊಲಿಯಲು ಓವರ್‌ಲಾಕ್ ಯಂತ್ರ ತರಿಸಿದ್ದರು. ಅದರ ಡಬ್ಬಿ ಓಣಿಯಷ್ಟೇ ಅಗಲವಿದ್ದ ನಡುಮನೆಯಲ್ಲಿ ಕೂತಿತು. ದಾಟಬೇಕಾದರೆ ಮೈ ಅಡ್ಡ ಮಾಡಿ, ಉಸಿರು ಬಿಗಿಹಿಡಿಯಬೇಕು. ಟೈಲರಕ್ಕ ಇಪ್ಪತ್ತಾರು ವರ್ಷದಿಂದ ಊಟದ ಮೇಜಿನ ಮೇಲೇ ಕತ್ತರಿಸಿ, ಹೊಲಿದು, ಇಸ್ತ್ರಿ ಮಾಡುತ್ತ ಬಂದಿದ್ದರು. ತಟ್ಟೆಯಲ್ಲಿ ದಾರದ ಎಳೆ ಸಿಗದ ದಿನ ಇಬ್ಬರಿಗೂ ಏನೋ ಕಳೆದುಕೊಂಡ ಹಾಗಾಗುತ್ತಿತ್ತು. ಮನೆಯಲ್ಲಿ ಉಳಿದದ್ದು ಒಂದೇ ಕೋಣೆ, ರೈಲಿನದು.

"ನಾನೂ ಮನುಷ್ಯಳೇ ರೀ," ಎಂದರು ಟೈಲರಕ್ಕ. "ಆ ರೈಲಿಗೆ ನಾಲ್ಕು ಸ್ಟೇಷನ್ ಇದೆ. ನನಗೆ ನಿಲ್ಲೋಕೆ ಒಂದು ಜಾಗ ಇಲ್ಲ."

ಲಿಫ್ಟಪ್ಪ ನಡುಮನೆಯ ಗೋಡೆಗಳನ್ನು ಗೇಣಿನಲ್ಲಿ ಅಳೆದು ನೋಡಿದರು. ಆ ಕೋಣೆ ಹೋದರೆ ಹಲಗೆಯನ್ನು ನೇತುಹಾಕಲು ಗೋಡೆಯೂ ಇಲ್ಲ. ಗಾರ್ಡ್ ಮಧ್ಯಸ್ಥಿಕೆ ವಹಿಸಿ ಒಂದು ಒಪ್ಪಂದ ಮಾಡಿಸಿದರು. ಬರುವ ಭಾನುವಾರ ರೈಲು ಒಂದು ಗಂಟೆ ಪೂರ್ತಿ ವೇಳಾಪಟ್ಟಿಯ ಪ್ರಕಾರ, ತನ್ನಷ್ಟಕ್ಕೇ ಓಡಬೇಕು. ಓಡಿದರೆ ಕೋಣೆ ಲಿಫ್ಟಪ್ಪನದು. ನಡುವೆ ಕೆಟ್ಟು ನಿಂತರೆ ಟೈಲರಕ್ಕನದು.

"ಕೈ ತಾಗಬಾರದು," ಎಂದರು ಟೈಲರಕ್ಕ.

"ತಾಗಲ್ಲ."

"ಕಡ್ಡಿಯಿಂದ ತಿವಿಯಬಾರದು. ಬಾಯಿಂದ ಊದಬಾರದು."

"ಲೇ, ಮೂವತ್ತೊಂದು ವರ್ಷದಲ್ಲಿ ಯಾವ ಲಿಫ್ಟನ್ನಾದರೂ ನಾನು ಊದಿದ್ದು ನೋಡಿದ್ದೀಯಾ?"

ಭಾನುವಾರ ಹನ್ನೊಂದಕ್ಕೆ ಸರಿಯಾಗಿ ಗಾರ್ಡ್ ಸೀಟಿ ಊದಿದರು. ಟೈಮರು ತಿರುಗಿತು, ರಿಲೇಗಳು ಟಕಟಕ ಎಂದವು, ರೈಲು ಹೊರಟಿತು. ಟೈಲರಕ್ಕ ಊಟದ ಮೇಜಿನ ಹತ್ತಿರ ನಿಂತು ಇಸ್ತ್ರಿ ಕಾಯಿಸಿದರು. "ನನಗೇನು, ನೋಡೋಕೂ ಪುರುಸೊತ್ತಿಲ್ಲ," ಎಂದರು. ಅವರೇ ಹೊಲಿದ ಬೂದು ಬಣ್ಣದ ಪ್ಯಾಂಟೊಂದನ್ನು ಹನ್ನೆರಡಕ್ಕೆ ಗಿರಾಕಿಗೆ ಕೊಡಬೇಕಿತ್ತು. ಆದರೆ ಎರಡೂ ಕೋಣೆಯ ನಡುವಿನ ಬಾಗಿಲು ತೆರೆದೇ ಇತ್ತು.

ಇಪ್ಪತ್ತನೆಯ ನಿಮಿಷದಲ್ಲಿ ಅವರು ಹಲಗೆ ಕಾಣುವಂತೆ ಸ್ವಲ್ಪ ಸರಿದರು. ಮೂವತ್ತೈದನೆಯದರಲ್ಲಿ ಕನ್ನಡಕ ಹಾಕಿಕೊಂಡರು. ನಲವತ್ತೆಂಟರಲ್ಲಿ ರೈಲು ಎರಡನೆಯ ಸ್ಟೇಷನ್ನಿನಿಂದ ಹೊರಡುವಾಗ ಒಮ್ಮೆ ನಡುಗಿತು. "ಬಾ, ಬಾ, ಏನಾಗಲ್ಲ ಬಾ," ಎಂಬ ಮಾತು ಟೈಲರಕ್ಕನ ಬಾಯಿಂದಲೇ ಬಂತು. ಸೋಲಿಸಬೇಕೆಂದು ನಿಂತ ಸ್ತ್ರೀಗೆ ಇಸ್ತ್ರಿಯ ಮೇಲೆ ಗಮನವೇ ಇರಲಿಲ್ಲ.

ಐವತ್ತಮೂರನೆಯ ನಿಮಿಷಕ್ಕೆ ಪ್ಯಾಂಟಿನಿಂದ ಹೊಗೆ ಎದ್ದಿತು.

ಬೇರೆ ಯಾರೇ ಕಟ್ಟಿದ ರೈಲಾಗಿದ್ದರೂ ಹೊಗೆಯನ್ನು ಲೆಕ್ಕಿಸದೆ ಓಡುತ್ತಿತ್ತು. ಲಿಫ್ಟಪ್ಪ ಕಟ್ಟಿದ ರೈಲು ಹಾಗಲ್ಲ. ಅವರು ರೂಢಿಯಂತೆ ಬಾಗಿಲ ಮೇಲೆ ಹೊಗೆ ಪತ್ತೆಯ ಯಂತ್ರ ಕೂರಿಸಿದ್ದರು. ಹೊಗೆ ಕಂಡರೆ ಲಿಫ್ಟ್ ಎಲ್ಲ ಕರೆಗಳನ್ನೂ ಮರೆತು ನೆಲಮಹಡಿಗೆ ಇಳಿದು, ಬಾಗಿಲು ತೆರೆದು, ಅಲ್ಲೇ ನಿಲ್ಲಬೇಕು. ರೈಲು ಅಕ್ಷರಶಃ ಅದನ್ನೇ ಮಾಡಿತು. ಟಕ್ ಎಂದಿತು, ಮೂರರಿಂದ ಎರಡು, ಒಂದು ದಾಟಿ ಸೊನ್ನೆಗೆ ಬಂತು, ದೀಪ ಆರಿಸಿತು. ಒಳಗಿನ ಹೆಣ್ಣು ದನಿ ಗಂಭೀರವಾಗಿ ಹೇಳಿತು: "ಬೆಂಕಿ ಅಪಾಯ. ಲಿಫ್ಟ್ ಬಳಸಬೇಡಿ. ಮೆಟ್ಟಿಲು ಬಳಸಿ."

ಬೋಗಿಯ ಕಿಟಕಿಯಲ್ಲಿದ್ದ ಪ್ಲಾಸ್ಟಿಕ್ ಪ್ರಯಾಣಿಕರು ಮೆಟ್ಟಿಲು ಎಲ್ಲಿದೆ ಎಂದು ಹುಡುಕುವವರಂತೆ ಹೊರಗೆ ನೋಡುತ್ತಿದ್ದರು.

ಟೈಲರಕ್ಕ ಇಸ್ತ್ರಿ ಎತ್ತಿ, ನೀರು ಚಿಮುಕಿಸಿ, ಕಿಟಕಿ ತೆರೆದರು. ಪ್ಯಾಂಟಿನ ಬಲ ಮಂಡಿಯ ಮೇಲೆ ಇಸ್ತ್ರಿಪೆಟ್ಟಿಗೆಯ ಚಿತ್ರ ಅಚ್ಚುಕಟ್ಟಾಗಿ ಮೂಡಿತ್ತು. ಗಾರ್ಡ್ ಗಡಿಯಾರ ನೋಡಿದರು. "ಭಾವ, ಇನ್ನು ಏಳೇ ನಿಮಿಷ. ಬೇಗ ಶುರು ಮಾಡಿ."

"ಕೀಲಿ ತಿರುಗಿಸಬೇಕು," ಎಂದರು ಲಿಫ್ಟಪ್ಪ. ಚಪ್ಪಲಿ ಗೂಡಿನ ಪಕ್ಕದಲ್ಲಿ, ಗಾಜಿನ ಮುಚ್ಚಳದ ಹಿಂದೆ, ಕೆಂಪು ಕೀಲಿ ಇತ್ತು.

"ತಿರುಗಿಸಿ ಮತ್ತೆ!"

"ನಾನು ತಿರುಗಿಸೋ ಹಾಗಿಲ್ಲ. ಬೆಂಕಿ ಕರೆ ಬಂದ ಮೇಲೆ ಇನ್‌ಸ್ಪೆಕ್ಟರು ಬಂದು ನೋಡಿ, ಬರೆದುಕೊಟ್ಟು, ಅವರೇ ತಿರುಗಿಸಬೇಕು. ಕಟ್ಟಿದವನು ತಿರುಗಿಸಬಾರದು."

"ತಿರುಗಿಸ್ರೀ," ಎಂದರು ಟೈಲರಕ್ಕ. ಅವರ ಕಣ್ಣು ಹೊಗೆಗೋ ಏನೋ ಕೆಂಪಾಗಿತ್ತು. "ತಪ್ಪು ನಂದು. ಹೊಗೆ ಎಬ್ಬಿಸಿದ್ದು ನಾನು. ಏಳು ನಿಮಿಷ ಓಡಿಸಿ, ಕೋಣೆ ನಿಮ್ಮದೇ."

"ನಾನು ಆ ಕಡೆ ತಿರುಗಿ ನಿಂತ್ಕೋತೀನಿ," ಎಂದರು ಗಾರ್ಡ್. "ಸಿಗ್ನಲ್ಲಿಗೆ ನಿಂತ ಹೊತ್ತನ್ನ ನಾವು ಪ್ರಯಾಣದ ಹೊತ್ತು ಅಂತಲೇ ಹಿಡೀತೀವಿ."

ಹೀಗೆ ಲಿಫ್ಟಪ್ಪ ಗೆಲ್ಲಲಿ ಎಂದು ಎಲ್ಲರೂ ಬೇಡಿಕೊಂಡರು, ಲಿಫ್ಟಪ್ಪ ಒಬ್ಬರನ್ನು ಬಿಟ್ಟು. ಅವರು ಸ್ಟೂಲು ಎಳೆದುಕೊಂಡು ಕೀಲಿಯ ಮುಂದೆ ಕುಳಿತರು. ಆ ಕೂರುವ ಭಂಗಿ ಟೈಲರಕ್ಕನಿಗೆ ಗೊತ್ತಿತ್ತು. ಹಿಂದೊಮ್ಮೆ ಏಳು ಮಹಡಿಯ ಅಂಗಡಿಯೊಂದರಲ್ಲಿ ಕ್ಯಾಂಟೀನಿನ ಹಾಲು ಉಕ್ಕಿ ಸೀದು ಲಿಫ್ಟ್ ಕೆಳಗಿಳಿದು ನಿಂತಿತ್ತು. 'ಬರೀ ಹಾಲು, ತಿರುಗಿಸಯ್ಯಾ ಕೀಲಿ' ಎಂದು ಮ್ಯಾನೇಜರರು ಕೂಗಾಡಿದರೂ ಲಿಫ್ಟಪ್ಪ ಹೀಗೇ ಸ್ಟೂಲು ಹಾಕಿಕೊಂಡು ಆರು ಗಂಟೆ ಕೂತಿದ್ದರು. ಅಂದು ಬಂದಿದ್ದ ದೊಡ್ಡ ಮನುಷ್ಯರೊಬ್ಬರು ಏಳು ಮಹಡಿ ಹತ್ತಿ ಏದುಸಿರು ಬಿಟ್ಟರು. ಮೇಸ್ತ್ರಿಯಾಗಬೇಕಿದ್ದ ಲಿಫ್ಟಪ್ಪನನ್ನು ಎರಡು ವರ್ಷ ಗೋದಾಮಿನ ಸಾಮಾನು ಲಿಫ್ಟಿಗೆ ಎತ್ತಿಹಾಕಿದರು.

"ಹಾಗಾದ್ರೆ ನಾನೇ ಇನ್‌ಸ್ಪೆಕ್ಟರ್," ಎಂದರು ಟೈಲರಕ್ಕ.

"ಸಂಬಂಧಿಕರು ಆಗೋ ಹಾಗಿಲ್ಲ."

"ಸಂಬಂಧ ಬೇಡ ಅನ್ನೋ ಹಾಗೆ ಮಾಡ್ತೀರಲ್ರೀ ಒಂದೊಂದ್ಸಲ!"

ಆಗ ಬಾಗಿಲು ಬಡಿದ ಸದ್ದಾಯಿತು. ಬೂದು ಪ್ಯಾಂಟಿನ ಗಿರಾಕಿ ಬಂದಿದ್ದರು. ಅವರು ಪತ್ರಿಕೆಯೊಂದರಲ್ಲಿ ಕರಡು ತಿದ್ದುವವರು. ದಿನಕ್ಕೆ ಎಂಟು ಗಂಟೆ ಇತರರ ತಪ್ಪು ಹುಡುಕುವುದೇ ಕೆಲಸ, ಕಿಸೆಯಲ್ಲಿ ಸದಾ ಕೆಂಪು ಪೆನ್ನು. ಆಫೀಸಿನಲ್ಲೂ ಬೀದಿಯಲ್ಲೂ ಅವರನ್ನು ಪ್ರೂಫ್ ಸಾಹೇಬರು ಎನ್ನುತ್ತಿದ್ದರು. ಫೈರ್ ಆದ ಮೇಲೆ ಪ್ರೂಫ್ ಬಂದಂತಾಯಿತು.

"ಅಕ್ಕಾ, ಪ್ಯಾಂಟು?"

"ಪ್ಯಾಂಟು ಇದೆ," ಎಂದರು ಟೈಲರಕ್ಕ, ಸುಟ್ಟ ಭಾಗವನ್ನು ಕೈಯಿಂದ ಮುಚ್ಚಿಕೊಂಡು.

ಲಿಫ್ಟಪ್ಪ ಸ್ಟೂಲಿನಿಂದ ಎದ್ದು ನಿಂತರು. "ಸಾರ್, ನೀವು ನಮಗೆ ಸಂಬಂಧಿಕರಲ್ಲ ಅಲ್ವಾ?"

"ಅಲ್ಲಪ್ಪಾ. ಯಾಕೆ?"

"ಒಳಗೆ ಬನ್ನಿ. ಒಂದು ತಪಾಸಣೆ ಇದೆ."

ಬೇರೆಯವರಾಗಿದ್ದರೆ ಪ್ಯಾಂಟಿಗೆ ಜಗಳ ತೆಗೆದು ಹೊರಟುಹೋಗುತ್ತಿದ್ದರು. ಪ್ರೂಫ್ ಸಾಹೇಬರಿಗೆ ತಪ್ಪು ಹುಡುಕಿ ಎಂದು ಯಾರಾದರೂ ಪ್ರೀತಿಯಿಂದ ಕರೆದದ್ದು ಇದೇ ಮೊದಲು. ಅವರು ಕನ್ನಡಕ ಒರೆಸಿಕೊಂಡರು. ಹಲಗೆಯ ಕೆಳಗೆ ತೆವಳಿದರು. ಒಂದೊಂದು ರಿಲೇಯನ್ನೂ ಕಾನ್ವೆಂಟಿನ ಸಿಸ್ಟರುಗಳು ಮಕ್ಕಳ ಉಗುರು ನೋಡುವ ಹಾಗೆ ತಿರುಗಿಸಿ ನೋಡಿದರು. 'ಛಾವಣಿ' ಫಲಕದ ಮುಂದೆ ನಿಂತು, "ಇದು ಯಾಕೆ?" ಎಂದರು. ಲಿಫ್ಟಪ್ಪ ವಿವರಿಸಿದರು. "ಸರಿಯೇ," ಎಂದು ತಲೆಯಾಡಿಸಿದರು. ಗಾರ್ಡ್ ಹಣೆ ಬಡಿದುಕೊಂಡರು. ಕೊನೆಗೆ ಸಾಹೇಬರು ಊಟದ ಮೇಜಿಗೆ ಬಂದು ತಮ್ಮದೇ ಪ್ಯಾಂಟಿನ ಪಂಚನಾಮೆ ಮಾಡಿದರು. ಸುಟ್ಟ ಗುರುತನ್ನು ಅಳೆದರು, ಮೂಸಿದರು, ಇಸ್ತ್ರಿ ಇದ್ದ ಜಾಗದಿಂದ ರೈಲು ಎಷ್ಟು ಕಾಣುತ್ತದೆಂದು ಬಗ್ಗಿ ನೋಡಿದರು. ಆಮೇಲೆ ಲಿಫ್ಟಪ್ಪ ಮುಂದಿಟ್ಟ ದಪ್ಪ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆದು, ಗಟ್ಟಿಯಾಗಿ ಓದಿದರು:

"ರೈಲಿನಲ್ಲಿ ದೋಷವಿಲ್ಲ. ಹೊಗೆ ಕಂಡು ನಿಂತದ್ದು ಅದರ ಕರ್ತವ್ಯ. ಬೆಂಕಿಗೆ ಕಾರಣ, ಊಟದ ಮೇಜಿನ ಮೇಲೆ ಇಸ್ತ್ರಿ ಮಾಡಿದ್ದು ಮತ್ತು ಇಸ್ತ್ರಿ ಮಾಡುವವರಿಗೆ ರೈಲು ಕಾಣುವಂತಿದ್ದದ್ದು. ಹೊಲಿಗೆ ಕೆಲಸ ಬಾಗಿಲು ಇರುವ ಪ್ರತ್ಯೇಕ ಕೋಣೆಯಲ್ಲಿ ನಡೆಯತಕ್ಕದ್ದು. ಅಂಥ ಕೋಣೆ ಈ ಮನೆಯಲ್ಲಿ ಒಂದೇ ಇದೆ. ರೈಲು ಅದನ್ನು ತೆರವು ಮಾಡತಕ್ಕದ್ದು."

ಸಾಹೇಬರು ಸಹಿ ಹಾಕಿದರು. "ಆದರೆ ತೆರವಿಗೆ ಮುಂಚೆ ಓಡಿಸಿ ತೋರಿಸಿ. ಓಡದೆ ಇರೋದನ್ನ ನಾನು ಹೇಗೆ ಪಾಸ್ ಮಾಡಲಿ?" ಎಂದು ಅವರೇ ಕೀಲಿ ತಿರುಗಿಸಿದರು.

ಟೈಮರು ಬಿಟ್ಟಲ್ಲಿಂದ ಮುಂದುವರಿಯಿತು. ಹಿಂಡುವ ಹೊತ್ತು. ರೈಲು ಮೈಮೇಲೆ ಬಂದಂತೆ ಓಡಿತು. ಸೊನ್ನೆಯಿಂದ ಮೂರು, ಮೂರರಿಂದ ಸೊನ್ನೆ. ನಾಲ್ವರೂ ಹಲಗೆಯ ಸುತ್ತ ನಿಂತು ನೋಡಿದರು. ಏಳು ನಿಮಿಷ ತುಂಬಿದ ತಕ್ಷಣ ಗಾರ್ಡ್ ಸೀಟಿ ಊದಿ ಕೂಗಿದರು. "ಒಂದು ಗಂಟೆ! ಗೆದ್ದಿರಿ ಭಾವ! ಕೋಣೆ ನಿಮ್ಮದು!"

ಲಿಫ್ಟಪ್ಪ ಆಗಲೇ ಸ್ಕ್ರೂಡ್ರೈವರು ಹಿಡಿದು ಹಲಗೆಯ ಕಾಲು ಬಿಚ್ಚುತ್ತಿದ್ದರು.

"ಏನ್ರೀ ಮಾಡ್ತಿದ್ದೀರಿ?" ಎಂದರು ಟೈಲರಕ್ಕ. "ಗೆದ್ದಿದ್ದೀರಲ್ಲ!"

"ಆದೇಶ ಬಂದಿದೆಯಲ್ಲ." ಅವರ ಮುಖದಲ್ಲಿ ಸೋತವರ ಕಳೆ ಇರಲಿಲ್ಲ. "ಎಂಥಾ ಇನ್‌ಸ್ಪೆಕ್ಟರು, ನೋಡಿದ್ಯಾ? ಹಲಗೆ ಕೆಳಗೆ ತೆವಳಿದರು ಕಣೇ. ನನ್ನ ಸರ್ವಿಸಿನಲ್ಲಿ ಒಬ್ಬರಾದರೂ ತೆವಳಲಿಲ್ಲ."

ಸಂಜೆಯೊಳಗೆ ಹೊಲಿಗೆ ಯಂತ್ರಗಳೆರಡೂ ಕೋಣೆ ಸೇರಿದವು, ಬಾಗಿಲು ಮುಚ್ಚಿತು. ರೈಲಿನ ಹಲಗೆ ಊಟದ ಮೇಜಿನ ಮೇಲೆ ಬಂತು. ಗಂಡ ಹೆಂಡತಿ ಓವರ್‌ಲಾಕಿನ ಖಾಲಿ ಡಬ್ಬಿಯನ್ನು ಮಗುಚಿ ಹಾಕಿಕೊಂಡು ಊಟಕ್ಕೆ ಕೂತರು.

ಜಾಗ ಬದಲಾದರೆ ಮರುತಪಾಸಣೆ ಆಗಬೇಕು. ಸುಟ್ಟ ಪ್ಯಾಂಟಿನ ಬದಲು ಹೊಸದೂ ಆಗಬೇಕು. ಪ್ರೂಫ್ ಸಾಹೇಬರು ಎರಡಕ್ಕೂ ಭಾನುವಾರ ಭಾನುವಾರ ಬರತೊಡಗಿದರು. ಮೊದಲ ವಾರ ಬಟ್ಟೆ ಆರಿಸಿದರು, ಎರಡನೆಯ ಸ್ಟೇಷನ್ನಿನ ಫಲಕ ಸೊಟ್ಟಗಿದೆ ಎಂದರು. ಮುಂದಿನ ವಾರ ಅಳತೆ ಕೊಟ್ಟರು, ಹನ್ನೊಂದನೆಯ ರಿಲೇಯಲ್ಲಿ ಧೂಳು ಎಂದರು. ಲಿಫ್ಟಪ್ಪ ವಾರವಿಡೀ ಅದನ್ನು ಸರಿಪಡಿಸಿ, ಶನಿವಾರ ಸಂಜೆ ಕ್ಷೌರ ಮಾಡಿಸಿಕೊಂಡು ಕಾಯುತ್ತಿದ್ದರು. ಇಬ್ಬರೂ ತಲೆಗೆ ತಲೆ ತಾಗಿಸಿಕೊಂಡು ಹಲಗೆಯ ಅಡಿಯಲ್ಲಿ ಒಂದೊಂದು ಗಂಟೆ ಇರುತ್ತಿದ್ದರು. ಟೈಲರಕ್ಕ ಎರಡು ಜೊತೆ ಕಾಲುಗಳನ್ನು ದಾಟಿಕೊಂಡು ಚಹಾ ತಂದಿಡುತ್ತಿದ್ದರು.

ಆರನೆಯ ಭಾನುವಾರ ಸಾಹೇಬರು ಎಷ್ಟು ಹುಡುಕಿದರೂ ಏನೂ ಸಿಗಲಿಲ್ಲ. ಪುಸ್ತಕದಲ್ಲಿ 'ದೋಷವಿಲ್ಲ, ಇನ್ನು ತಪಾಸಣೆ ಬೇಕಿಲ್ಲ' ಎಂದು ಬರೆದು, ತಯಾರಾದ ಪ್ಯಾಂಟಿನ ಪೊಟ್ಟಣ ತೆಗೆದುಕೊಂಡು, ಕೈ ಕುಲುಕಿ ಹೊರಟರು. ಲಿಫ್ಟಪ್ಪ ಆ ಸಾಲನ್ನು ಮೂರು ಸಲ ಓದಿದರು. ಒಂದು ಸ್ಕ್ರೂ ಸಡಿಲ ಮಾಡಿದ್ದರೆ ಸಾಹೇಬರು ಮತ್ತೆ ಬರುತ್ತಿದ್ದರು. ಅದು ಅವರ ಕೈಯಲ್ಲಿ ಆಗುವ ಕೆಲಸವಲ್ಲ.

ಬುಧವಾರ ಫೋನು ಬಂತು. ಟೈಲರಕ್ಕ ಕತ್ತರಿ ಕೆಳಗಿಡದೆಯೇ ಎತ್ತಿಕೊಂಡರು.

"ಅಕ್ಕಾ, ತಪ್ಪು ತಿಳ್ಕೋಬೇಡಿ," ಎಂದರು ಪ್ರೂಫ್ ಸಾಹೇಬರು. "ಪ್ಯಾಂಟಿನ ಎಡಗಾಲು ಒಂದಿಂಚು ಗಿಡ್ಡ ಇದೆ."

"ಹೌದಾ? ಅಯ್ಯೋ, ನೋಡಿ. ವಯಸ್ಸಾಯ್ತು ನನಗೂ. ಭಾನುವಾರ ತಗೊಂಡು ಬನ್ನಿ, ಸರಿ ಮಾಡೋಣ." ಅವರು ಬಾಗಿಲ ಸಂದಿಯಿಂದ ಊಟದ ಮೇಜಿನ ಕಡೆ ನೋಡಿದರು. ಗಂಡ ರೈಲನ್ನು ಓಡಿಸದೆ ಸುಮ್ಮನೆ ಕೂತಿದ್ದರು. "ಬರೋವಾಗ ಆ ಕೆಂಪು ಪೆನ್ನು ಮರೀಬೇಡಿ."

"ಪಾಸ್ ಆಗಿದೆಯಲ್ಲ ಅಕ್ಕಾ?"

"ಆಗಿತ್ತು ಸಾರ್. ಆದರೆ ಇಪ್ಪತ್ತಾರು ವರ್ಷದಲ್ಲಿ ಅಳತೆ ತಪ್ಪದ ನನ್ನ ಕೈಯೇ ತಪ್ಪಿದ ಮೇಲೆ, ಈ ಮನೆಯಲ್ಲಿ ಯಾವುದನ್ನ ನಂಬೋದು ಹೇಳಿ?"

ಆ ಕಡೆ ಸಾಹೇಬರು ಪೆನ್ನಿನ ಮುಚ್ಚಳ ತೆಗೆದದ್ದು ಕೇಳಿಸಿತು. "ಅದೂ ನಿಜವೇ," ಎಂದರು.

ಟೈಲರಕ್ಕ ಫೋನು ಇಟ್ಟು, ಒಂದಿಂಚು ಬೂದು ಬಟ್ಟೆಯ ತುಂಡನ್ನು ಹೊಲಿಗೆ ಯಂತ್ರದ ಖಾನೆಯೊಳಗೆ ತಳ್ಳಿ, ಹೊರಗೆ ಕೂಗಿದರು. "ರೀ, ಭಾನುವಾರ ಇನ್‌ಸ್ಪೆಕ್ಷನ್ ಇದೆಯಂತೆ!"

ಸ್ಟೂಲು ಎಳೆದ ಸದ್ದಾಯಿತು, ಅದರ ಹಿಂದೆಯೇ ಅರವತ್ತು ರಿಲೇಗಳ ಟಕಟಕ.